ಗಂಗಾ ಒಪ್ಪಂದದ ಮೂವತ್ತು ವರ್ಷ ಮುಗಿದ ಮೇಲೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ಮಂಡ್ಯ ಜಿಲ್ಲೆ. ವಿ.ಸಿ. ನಾಲೆಯ ಕೊನೆ ಭಾಗದಲ್ಲಿ ಜಮೀನಿದೆ. ನೀರು ಹಂಚಿಕೊಳ್ಳುವುದು ಎಷ್ಟು ಕಷ್ಟ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೊನ್ನೆ ನೆಂಟರ ಮನೆ ಗೃಹಪ್ರವೇಶದಲ್ಲಿ ಇದೇ ವಿಷಯಕ್ಕೆ ಜೋರು ಚರ್ಚೆ ಆಯಿತು. ದೇವೇಗೌಡರು ಪ್ರಧಾನಿ ಆಗಿದ್ದಾಗ ಗಂಗೆಯ ನೀರನ್ನು ಬಾಂಗ್ಲಾದೇಶಕ್ಕೆ ಬರೆದುಕೊಟ್ಟರು, ಅದರ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತೆ, ಆಮೇಲೆ ಗೇಟು ಹಾಕಿದರೆ ಆಯ್ತು ಅಂತ ಒಬ್ಬರು ಅಂದರು. ನನ್ನ ತಂಗಿಯ ಮಗ ದುಬೈನಲ್ಲಿ ಕೆಲಸ ಮಾಡುತ್ತಾನೆ. ಅವನ ರೂಮಿನಲ್ಲಿರುವ ಬಾಂಗ್ಲಾ ಹುಡುಗರು ಪೂರ್ತಿ ಉಲ್ಟಾ ಹೇಳುತ್ತಾರಂತೆ: ಫರಕ್ಕಾ ಬೇಸಿಗೆಯಲ್ಲಿ ನಮ್ಮನ್ನು ಒಣಗಿಸುತ್ತೆ, ಮಳೆಗಾಲದಲ್ಲಿ ಮುಳುಗಿಸುತ್ತೆ ಅಂತ. ಯಾವುದು ನಿಜ? ನಾವು ಕೊಟ್ಟು ಕೆಟ್ಟೆವಾ? ಒಪ್ಪಂದ ಮುಗಿದ ಮೇಲೆ ನೀರು ನಿಲ್ಲಿಸೋಕೆ ಆಗುತ್ತಾ? ನಿಲ್ಲಿಸಬೇಕಾ?

ಉತ್ತರ: ನಿಮ್ಮ ಪ್ರಶ್ನೆಗಳು ಹಲವು, ಆತಂಕ ಒಂದೇ. ಮೇಲಿನವರು ನಾವೇ ಆಗಿರುವಾಗ ನ್ಯಾಯವಾಗಿ ನಡೆದುಕೊಂಡಿದ್ದೇವೆಯೇ, ಅದರಿಂದ ನಮಗೇ ನಷ್ಟ ಆಯಿತೇ ಎಂಬುದು. ಕಾವೇರಿಯಲ್ಲಿ ಇದೇ ಪ್ರಶ್ನೆಯನ್ನು ಹೊತ್ತು ಬದುಕಿರುವ ಜಿಲ್ಲೆಯಿಂದ ಇದು ಬಂದಿರುವುದರಿಂದ ವಿವರವಾಗಿಯೇ ಬರೆಯುತ್ತೇನೆ. ನದಿಗಳ ಹರಿವಿನ ಲೆಕ್ಕ, ಹಂಚಿಕೆಯ ಕಡತ, ಇವೇ ನನ್ನ ವೃತ್ತಿ. ಆ ಕಡೆಯಿಂದ ನೋಡಿ ಹೇಳುವ ಮಾತು ಇದು.

ಮೊದಲು ಫರಕ್ಕಾ ಏನು ಅಂತ ನೋಡೋಣ. ಪಶ್ಚಿಮ ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ, ಬಾಂಗ್ಲಾ ಗಡಿಗೆ 20 ಕಿ.ಮೀ.ಗಿಂತ ಹತ್ತಿರದಲ್ಲಿ, ಗಂಗೆಗೆ ಅಡ್ಡಲಾಗಿ ಕಟ್ಟಿರುವ ಬ್ಯಾರೇಜ್ ಅದು. 109 ಗೇಟುಗಳಿವೆ. ಕೆಆರ್‌ಎಸ್ ತರಹದ ಅಣೆಕಟ್ಟು ಅಲ್ಲ. ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವ ಜಾಗ ಅದಕ್ಕಿಲ್ಲ. ಬಂದ ನೀರಿನ ಮಟ್ಟವನ್ನು ಸ್ವಲ್ಪ ಎತ್ತರಿಸಿ, ಒಂದು ಭಾಗವನ್ನು ಸುಮಾರು 38 ಕಿ.ಮೀ. ಉದ್ದದ ಫೀಡರ್ ನಾಲೆಗೆ ತಿರುಗಿಸುತ್ತದೆ. ಉಳಿದದ್ದು ಗೇಟುಗಳ ಕೆಳಗೆ ಹರಿದು, ಗಡಿ ದಾಟಿ, ಪದ್ಮಾ ನದಿ ಆಗುತ್ತದೆ. ನಾಲೆಗೆ ಹೋದ ನೀರು ಭಾಗೀರಥಿ–ಹೂಗ್ಲಿಗೆ ಸೇರಿ ಕೋಲ್ಕತ್ತಾ ಕಡೆಗೆ ಹೋಗುತ್ತದೆ.

ಇದನ್ನು ಕಟ್ಟಿದ್ದೇ ಕೋಲ್ಕತ್ತಾ ಬಂದರಿಗಾಗಿ. ಗಂಗೆಯ ಮುಖ್ಯ ಹರಿವು ಕಾಲಕ್ರಮದಲ್ಲಿ ಪೂರ್ವಕ್ಕೆ, ಪದ್ಮಾ ಕಡೆಗೆ ಸರಿಯಿತು. ಹೂಗ್ಲಿಗೆ ಬರುವ ಸಿಹಿನೀರು ಕಡಿಮೆ ಆಯಿತು, ಹೂಳು ತುಂಬಿತು, ಹಡಗು ಬರುವುದು ಕಷ್ಟ ಆಯಿತು. ಸಮುದ್ರದ ಉಪ್ಪು ನದಿಯೊಳಗೆ ಮೇಲೆ ಮೇಲೆ ಏರತೊಡಗಿತು. 40 ಸಾವಿರ ಕ್ಯೂಸೆಕ್ ನೀರನ್ನು ತಿರುಗಿಸಿದರೆ ಹೂಳು ಕೊಚ್ಚಿಹೋಗುತ್ತದೆ ಎಂಬುದು ಆಗಿನ ಲೆಕ್ಕ. ನಾಲೆಯ ಸಾಮರ್ಥ್ಯವೂ ಅಷ್ಟೇ. 1975ರ ಏಪ್ರಿಲ್ 21ರಂದು ನೀರು ಬಿಟ್ಟರು. ಬಂದರಿನ ಹೂಳಿನ ಕಷ್ಟ ಪೂರ್ತಿ ತೀರಲಿಲ್ಲ, ಇವತ್ತಿಗೂ ಅಲ್ಲಿ ಡ್ರೆಡ್ಜಿಂಗ್ ನಡೆಯುತ್ತಲೇ ಇದೆ. ಆದರೆ ಕೋಲ್ಕತ್ತಾ ಸುತ್ತಮುತ್ತಲ ಕುಡಿಯುವ ನೀರಿಗೆ ಈ ಹರಿವು ದೊಡ್ಡ ಆಸರೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ.

"ದೇವೇಗೌಡರು ಬರೆದುಕೊಟ್ಟರು" ಎಂಬ ಮಾತು ತಪ್ಪು. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ಅವರೂ ಶೇಖ್ ಹಸೀನಾ ಅವರೂ ಸಹಿ ಹಾಕಿದ್ದು ನಿಜ. ಆದರೆ ಅದಕ್ಕೂ 19 ವರ್ಷ ಮುಂಚೆ, 1977ರ ನವೆಂಬರ್‌ನಲ್ಲಿ, ಮೊರಾರ್ಜಿ ದೇಸಾಯಿ ಅವರ ಸರ್ಕಾರ ಐದು ವರ್ಷದ ಒಂದು ಒಪ್ಪಂದ ಮಾಡಿಕೊಂಡಿತ್ತು. ಅದರಲ್ಲಿ ಏಪ್ರಿಲ್ ಕೊನೆಯ ಹತ್ತು ದಿನ, ಅಂದರೆ ನದಿ ತೀರಾ ಸೊರಗುವ ಹೊತ್ತಿನಲ್ಲಿ, ಲೆಕ್ಕಕ್ಕೆ ಹಿಡಿದ 55,000 ಕ್ಯೂಸೆಕ್‌ನಲ್ಲಿ ಬಾಂಗ್ಲಾಗೆ 34,500, ನಮಗೆ 20,500. ಮೇಲಾಗಿ, ನದಿ ಎಷ್ಟೇ ಇಳಿದರೂ ಬಾಂಗ್ಲಾಗೆ ಅದರ ಪಾಲಿನ ಶೇ. 80ರಷ್ಟು ಕೊಡಲೇಬೇಕು ಎಂಬ ಖಾತರಿ ಬೇರೆ. 1996ರ ಒಪ್ಪಂದದಲ್ಲಿ 70,000 ಕ್ಯೂಸೆಕ್‌ವರೆಗೆ ಇಬ್ಬರಿಗೂ ಅರ್ಧರ್ಧ. ಶೇ. 80ರ ಆ ಖಾತರಿಯೂ ಇಲ್ಲ. ಎರಡು ಕಾಗದ ಪಕ್ಕಪಕ್ಕ ಇಟ್ಟು ಓದಿದರೆ, ಬೇಸಿಗೆಯ ಪಾಲಿನಲ್ಲಿ ಭಾರತ 1996ರಲ್ಲಿ ಗಳಿಸಿದ್ದೇ ಜಾಸ್ತಿ. ಗೃಹಪ್ರವೇಶದಲ್ಲಿ ಮಾತಾಡಿದವರಿಗೆ ಈ ಎರಡು ಅಂಕಿ ತೋರಿಸಿ.

ಹಾಗಾದರೆ ಬಾಂಗ್ಲಾ ಯಾಕೆ ಒಪ್ಪಿತು? ಒಪ್ಪಂದಕ್ಕೆ ಮುಂಚಿನ ಎಂಟು ವರ್ಷದಲ್ಲಿ ಅದಕ್ಕೆ ಸಾಕಾಗಿ ಹೋಗಿತ್ತು. 1977ರದ್ದು 1982ಕ್ಕೆ ಮುಗಿಯಿತು. ಆಮೇಲೆ 1982 ಮತ್ತು 1985ರಲ್ಲಿ ಒಂದೊಂದು ತಾತ್ಕಾಲಿಕ ತಿಳಿವಳಿಕೆ ಪತ್ರ. 1988ಕ್ಕೆ ಅದೂ ಮುಗಿದು, 1996ರವರೆಗೆ ಯಾವ ಒಪ್ಪಂದವೂ ಇರಲಿಲ್ಲ. ಆ ಅವಧಿಯಲ್ಲೇ, 1993ರ ಮಾರ್ಚ್‌ನಲ್ಲಿ, ಬಾಂಗ್ಲಾದ ಹಾರ್ಡಿಂಜ್ ಸೇತುವೆ ಹತ್ತಿರ ಪದ್ಮಾ ನದಿಯ ಹರಿವು 10 ಸಾವಿರ ಕ್ಯೂಸೆಕ್‌ಗಿಂತ ಕೆಳಗೆ ಹೋಯಿತು. ನೈರುತ್ಯ ಬಾಂಗ್ಲಾಗೆ ಸಿಹಿನೀರು ಒಯ್ಯುವ ಗೊರಾಯಿ ನದಿ ಬೇಸಿಗೆಯಲ್ಲಿ ಪದ್ಮಾದಿಂದ ಕಡಿದುಹೋಯಿತು. ಖುಲ್ನಾ ಕಡೆ ಉಪ್ಪುನೀರು ಒಳಕ್ಕೆ ನುಗ್ಗಿತು. ಇಂಥದೇ ನೋವಿನಿಂದ ಅದಕ್ಕೂ ಮುಂಚೆ, 1976ರಲ್ಲಿ, ಬಾಂಗ್ಲಾದ ಹಿರಿಯ ನಾಯಕ ಮೌಲಾನಾ ಭಾಸಾನಿ ಫರಕ್ಕಾ ಕಡೆಗೆ ದೊಡ್ಡ ಜಾಥಾ ನಡೆಸಿದ್ದರು. ಅದೇ ವರ್ಷ ಬಾಂಗ್ಲಾ ವಿಷಯವನ್ನು ವಿಶ್ವಸಂಸ್ಥೆಗೂ ಒಯ್ದಿತ್ತು. ಆದ್ದರಿಂದ 1996ರಲ್ಲಿ ಅವರಿಗೆ ಬೇಕಾಗಿದ್ದು ದೊಡ್ಡ ಪಾಲಿಗಿಂತ ನಂಬಬಹುದಾದ ಪಾಲು.

ಈ ಒಪ್ಪಂದದ ಹಿಂದೆ ಇನ್ನೊಬ್ಬರಿದ್ದಾರೆ, ಅವರನ್ನು ಮರೆಯಬಾರದು. ಆಗಿನ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು. ಸಹಿಗೆ ಮುಂಚೆ ಅವರು ಖುದ್ದು ಢಾಕಾಗೆ ಹೋಗಿ ಬಂದರು. ನೀರು ಬಿಡಬೇಕಾದ ರಾಜ್ಯದ ಮುಖ್ಯಮಂತ್ರಿಯೇ ಮುಂದೆ ನಿಂತು ಒಪ್ಪಿದ್ದರಿಂದ, ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಅವರ ಕೆಲಸ ಹಗುರಾಯಿತು. 2011ರಲ್ಲಿ ತೀಸ್ತಾ ನದಿಗೆ ಇದೇ ತರಹದ ಒಪ್ಪಂದ ತಯಾರಾಗಿತ್ತು. ಮನಮೋಹನ್ ಸಿಂಗ್ ಢಾಕಾಗೆ ಹೊರಡುವ ಹೊತ್ತಿಗೆ ಮಮತಾ ಬ್ಯಾನರ್ಜಿ ಒಪ್ಪಲಿಲ್ಲ. ಅದು ಹಾಗೇ ನಿಂತಿತು. ವಿದೇಶಗಳ ಜೊತೆಗಿನ ಒಪ್ಪಂದ ಜಾರಿ ಮಾಡಲು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಡುತ್ತದೆ, ನಿಜ. ಆದರೆ ರಾಜ್ಯ ಮನಸ್ಸು ಮಾಡದಿದ್ದರೆ ನದಿ ನೀರಿನ ಒಪ್ಪಂದ ನೆಲದ ಮೇಲೆ ನಡೆಯುವುದಿಲ್ಲ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಇನ್ನು ಲೆಕ್ಕ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಜಗಳ ಇರುವುದೂ ಪಾಠ ಇರುವುದೂ ಇಲ್ಲೇ.

ಒಪ್ಪಂದ ವರ್ಷಪೂರ್ತಿಯದ್ದಲ್ಲ. ಜನವರಿ 1ರಿಂದ ಮೇ 31ರವರೆಗೆ ಮಾತ್ರ. ಈ ಐದು ತಿಂಗಳನ್ನು ಹತ್ತತ್ತು ದಿನದ ಕಂತುಗಳಾಗಿ ಒಡೆದಿದ್ದಾರೆ. ಫರಕ್ಕಾಗೆ 70,000 ಕ್ಯೂಸೆಕ್ ಅಥವಾ ಕಡಿಮೆ ಬಂದರೆ ಸಮಪಾಲು. 70,000ದಿಂದ 75,000ದವರೆಗೆ ಬಂದರೆ ಬಾಂಗ್ಲಾಗೆ 35,000, ಉಳಿದದ್ದು ನಮಗೆ. 75,000 ದಾಟಿದರೆ ನಮಗೆ 40,000, ಉಳಿದದ್ದು ಅವರಿಗೆ. ಇದರ ಮೇಲೆ ಒಂದು ಷರತ್ತಿದೆ. ಮಾರ್ಚ್ 11ರಿಂದ ಮೇ 10ರವರೆಗಿನ ಕಷ್ಟಕಾಲದಲ್ಲಿ ಒಂದು ಕಂತು ಬಿಟ್ಟು ಒಂದು ಕಂತಿನಂತೆ, ಇಬ್ಬರಿಗೂ ಸರದಿಯಲ್ಲಿ 35,000 ಕ್ಯೂಸೆಕ್ ಖಾತರಿ.

ಏಪ್ರಿಲ್ ತಿಂಗಳನ್ನೇ ತೆಗೆದುಕೊಳ್ಳಿ. 1949ರಿಂದ 1988ರವರೆಗಿನ 40 ವರ್ಷದ ಸರಾಸರಿ ಹಿಡಿದು ಒಪ್ಪಂದದ ಜೊತೆ ಒಂದು ಪಟ್ಟಿ ಲಗತ್ತಿಸಿದ್ದಾರೆ. ಏಪ್ರಿಲ್ 1ರಿಂದ 10: ಫರಕ್ಕಾದಲ್ಲಿ 63,180 ಕ್ಯೂಸೆಕ್. ಬಾಂಗ್ಲಾ ಸರದಿ, ಅವರಿಗೆ 35,000, ನಮಗೆ 28,180. ಏಪ್ರಿಲ್ 11ರಿಂದ 20: 62,633. ನಮ್ಮ ಸರದಿ, ನಮಗೆ 35,000, ಅವರಿಗೆ 27,633. ಏಪ್ರಿಲ್ 21ರಿಂದ 30: 60,992. ಮತ್ತೆ ಅವರ ಸರದಿ, ನಮಗೆ 25,992. ಗದ್ದೆಗೆ ಸರದಿ ಪ್ರಕಾರ ನೀರು ಬಿಡುವುದು ನಿಮಗೆ ಗೊತ್ತಿದೆ, ಅಲ್ವಾ? ಇದು ಅದೇ ಕಟ್ಟು. 35,000 ಕ್ಯೂಸೆಕ್ ಹತ್ತು ದಿನ ಹರಿದರೆ ಸುಮಾರು 30 ಟಿಎಂಸಿ. ಇಂಥ ಎರಡು ಕಂತು ಸೇರಿದರೆ ತುಂಬಿದ ಕೆಆರ್‌ಎಸ್‌ಗಿಂತ ಜಾಸ್ತಿ.

ಈ ಸರದಿಯಿಂದ ನಮಗೂ ಬಿಸಿ ತಟ್ಟಿದ್ದಿದೆ. ಫರಕ್ಕಾದಲ್ಲಿ ಎನ್‌ಟಿಪಿಸಿಯ 2,100 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಇದೆ, ಅದು ಫೀಡರ್ ನಾಲೆಯ ನೀರನ್ನೇ ನಂಬಿದೆ. 2016ರ ಮಾರ್ಚ್‌ನಲ್ಲಿ ನಾಲೆಯ ಮಟ್ಟ ಇಳಿದು ಸ್ಥಾವರ ನಿಲ್ಲಿಸಬೇಕಾಯಿತು. ಮಾರ್ಚ್ 11ರಿಂದ 20 ಬಾಂಗ್ಲಾ ಸರದಿಯ ಕಂತು. ಕಷ್ಟ ಇಬ್ಬರಿಗೂ ಇದೆ.

ಎರಡನೆಯದು, ಗೇಟು ಹಾಕುವ ಮಾತು. ಒಪ್ಪಂದ ಇಲ್ಲದೆ ಹೋದರೂ ಗಂಗೆಯನ್ನು ನಿಲ್ಲಿಸಲು ಆಗುವುದಿಲ್ಲ. ಮೊದಲೇ ಹೇಳಿದ ಹಾಗೆ, ಅದು ನೀರು ತುಂಬಿಡುವ ಅಣೆಕಟ್ಟಲ್ಲ. ತಿರುಗಿಸಬಹುದಾದದ್ದು ನಾಲೆ ಹಿಡಿಯುವಷ್ಟು, ಹೆಚ್ಚೆಂದರೆ 40 ಸಾವಿರ ಕ್ಯೂಸೆಕ್. ಏಪ್ರಿಲ್‌ನಲ್ಲಿ 60 ಸಾವಿರ ಬಂದರೆ 20 ಸಾವಿರ ಕೆಳಗೆ ಹೋಗೇ ಹೋಗುತ್ತದೆ. ಆದರೆ ಇದರಿಂದ ಬಾಂಗ್ಲಾಗೆ ತೊಂದರೆ ಆಗುವುದಿಲ್ಲ ಅಂತ ಅಲ್ಲ. 30 ಸಾವಿರ ಬರುವ ಕಡೆ 20 ಸಾವಿರ ಬಂದರೆ ಗೊರಾಯಿಯ ಬಾಯಿ ಮುಚ್ಚುತ್ತದೆ, ಲಕ್ಷಾಂತರ ಜನರ ಕುಡಿಯುವ ನೀರಿಗೆ ಉಪ್ಪು ಸೇರುತ್ತದೆ. ಆ ಭಾಗ ಸುಂದರಬನದ ಅಂಚು. ಸುಂದರಬನದ ಒಂದು ಭಾಗ ನಮ್ಮದೂ ಹೌದು. ಬುದ್ಧಿ ಕಲಿಸುವುದು ಎಂಬ ಮಾತಿನಲ್ಲಿ ಶಿಕ್ಷೆ ಬೀಳುವುದು ರೈತರಿಗೆ, ಮೀನುಗಾರರಿಗೆ. ಢಾಕಾದ ಅಧಿಕಾರಸ್ಥರಿಗೆ ಅದು ತಟ್ಟುವುದಿಲ್ಲ, ಚುನಾವಣೆಯಲ್ಲಿ ಒಳ್ಳೆ ಭಾಷಣದ ವಸ್ತು ಸಿಗುತ್ತದೆ ಅಷ್ಟೇ.

ಇನ್ನೊಂದು ಕಾರಣವನ್ನು ನಾನು ಎಲ್ಲ ಕಡೆಯೂ ಹೇಳುತ್ತೇನೆ. ಗಂಗೆಯಲ್ಲಿ ನಾವು ಬಾಂಗ್ಲಾಗಿಂತ ಮೇಲೆ ಇದ್ದೇವೆ. ಬ್ರಹ್ಮಪುತ್ರದಲ್ಲಿ ಚೀನಾದ ಕೆಳಗೆ ಇದ್ದೇವೆ. 2017ರಲ್ಲಿ ಡೋಕ್ಲಾಂ ಬಿಕ್ಕಟ್ಟಿನ ವರ್ಷ ಚೀನಾ ಮಳೆಗಾಲದ ಹರಿವಿನ ಅಂಕಿ ಕೊಡಲಿಲ್ಲ. ಅಸ್ಸಾಮಿನ ಪ್ರವಾಹಕ್ಕೆ ಆ ಅಂಕಿ ಎಷ್ಟು ಮುಖ್ಯ ಅಂತ ಆಗ ಎಲ್ಲರಿಗೂ ಗೊತ್ತಾಯಿತು. 2025ರ ಜುಲೈನಲ್ಲಿ ಚೀನಾ ಯಾರ್ಲುಂಗ್ ತ್ಸಾಂಗ್ಪೊ (ಟಿಬೆಟ್‌ನಲ್ಲಿ ಬ್ರಹ್ಮಪುತ್ರದ ಹೆಸರು) ಮೇಲೆ ಭಾರಿ ಜಲವಿದ್ಯುತ್ ಯೋಜನೆ ಶುರು ಮಾಡಿತು. ಬೀಜಿಂಗ್ ಮುಂದೆ ಕೂತು "ಮೇಲಿನವರು ಕೆಳಗಿನವರನ್ನು ಕೇಳಬೇಕು, ಅಂಕಿ ಕೊಡಬೇಕು" ಅಂತ ನಾವು ವಾದಿಸುತ್ತೇವೆ. ಫರಕ್ಕಾದಲ್ಲಿ ನಾವೇ ಅದಕ್ಕೆ ತಪ್ಪಿ ನಡೆದರೆ ಆ ವಾದದ ಕಾಲು ಮುರಿಯುತ್ತದೆ.

ಈಗ ನಿಮ್ಮ ತಂಗಿ ಮಗನ ರೂಮಿನ ಹುಡುಗರ ಮಾತು. ಅದರಲ್ಲಿ ಅರ್ಧ ನಿಜ, ಅರ್ಧ ಅಲ್ಲ.

ಮಳೆಗಾಲದಲ್ಲಿ ಮುಳುಗಿಸುತ್ತೆ ಎಂಬುದು ನಿಜವಲ್ಲ. ಆಗ ಗೇಟುಗಳು ತೆರೆದಿರುವುದೇ ರೂಢಿ, ಇಲ್ಲದಿದ್ದರೆ ಬ್ಯಾರೇಜ್ ಉಳಿಯುವುದಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ 109 ಗೇಟನ್ನೂ ತೆರೆದರು ಅಂತ ಬಾಂಗ್ಲಾದಲ್ಲಿ ದೊಡ್ಡ ಗಲಾಟೆ ಆಯಿತು. ಆಗ ಕೆಳಗೆ ಹೋಗುತ್ತಿದ್ದದ್ದು 11 ಲಕ್ಷ ಕ್ಯೂಸೆಕ್, ದಿನಕ್ಕೆ ಸುಮಾರು 95 ಟಿಎಂಸಿ. ಹತ್ತಿರ ಹತ್ತಿರ ಎರಡು ಕೆಆರ್‌ಎಸ್ ತುಂಬುವಷ್ಟು ನೀರು ಒಂದೇ ದಿನದಲ್ಲಿ. ಅಷ್ಟನ್ನು ಯಾವ ಬ್ಯಾರೇಜೂ ತಡೆದು ನಿಲ್ಲಿಸಿ, ಬೇಕಾದಾಗ ಬಿಡಲು ಆಗುವುದಿಲ್ಲ. ಅದು ಬರುವ ನೀರು, ಹೋಗುವ ನೀರು. ಅದೇ ತಿಂಗಳು ನಿಜವಾಗಿ ಮುಳುಗಿದ್ದು ಫೆನಿ, ಕುಮಿಲ್ಲಾ ಜಿಲ್ಲೆಗಳು. ಅವು ಬಾಂಗ್ಲಾದ ಪೂರ್ವ ತುದಿಯಲ್ಲಿ, ತ್ರಿಪುರಾ ಪಕ್ಕ ಇವೆ. ಗಂಗೆ ಒಳಬರುವುದು ಪಶ್ಚಿಮದಲ್ಲಿ, ರಾಜಶಾಹಿ ಕಡೆ. ನಕ್ಷೆ ತೆಗೆದು ನೋಡಿದರೆ ಸಾಕು, ಅದಕ್ಕೂ ಫರಕ್ಕಾಗೂ ಸಂಬಂಧ ಇಲ್ಲ ಅಂತ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಒಣಗಿಸುತ್ತೆ ಎಂಬುದರಲ್ಲಿ ಹುರುಳಿದೆ. ನೀರು ತಿರುಗಿಸಿದ್ದು ನಿಜ, ಅದರ ಪೆಟ್ಟು ನೈರುತ್ಯ ಬಾಂಗ್ಲಾಗೆ ಬಿದ್ದಿದ್ದೂ ನಿಜ. ಇದನ್ನು ಒಪ್ಪಿಕೊಳ್ಳುವುದರಿಂದ ನಮ್ಮ ದೇಶ ಸಣ್ಣದಾಗುವುದಿಲ್ಲ. ಆದರೆ ಖುಲ್ನಾದ ಉಪ್ಪಿಗೆ ಫರಕ್ಕಾ ಒಂದೇ ಕಾರಣ ಅಲ್ಲ. ಅಲ್ಲಿ ಗದ್ದೆಗಳಿಗೆ ಉಪ್ಪುನೀರು ಬಿಟ್ಟು ಸೀಗಡಿ ಸಾಕುತ್ತಾರೆ. 1960ರ ದಶಕದಿಂದ ಕಟ್ಟಿದ ಒಡ್ಡುಗಳಿಂದ ನದಿಗಳಲ್ಲೇ ಹೂಳು ತುಂಬಿದೆ. ಸಮುದ್ರವೂ ಏರುತ್ತಿದೆ. ಪೂರ್ತಿ ಭಾರವನ್ನು ಒಂದು ಬ್ಯಾರೇಜ್ ಮೇಲೆ ಹಾಕಿದರೆ ಉಳಿದ ಕಾರಣಗಳಿಗೆ ಮದ್ದು ಹುಡುಕುವವರೇ ಇರುವುದಿಲ್ಲ.

ಫರಕ್ಕಾದಿಂದ ನಮ್ಮ ಕಡೆಯೂ ಏಟು ತಿಂದವರಿದ್ದಾರೆ, ಅವರ ಮಾತು ದೆಹಲಿ–ಢಾಕಾ ಮಾತುಕತೆಯಲ್ಲಿ ಕೇಳಿಸುವುದೇ ಕಡಿಮೆ. ಬ್ಯಾರೇಜ್ ಹಿಂದೆ ಹೂಳು ನಿಂತು ಪ್ರವಾಹ ಹೆಚ್ಚಾಗಿದೆ, ಅದನ್ನು ತೆಗೆದೇ ಹಾಕಿ ಅಂತ 2016ರಲ್ಲಿ ಬಿಹಾರದ ಮುಖ್ಯಮಂತ್ರಿ ನಿತೀಶ್ ಕುಮಾರ್ ಕೇಳಿದ್ದರು. ಮಾಲ್ಡಾ, ಮುರ್ಷಿದಾಬಾದ್‌ನಲ್ಲಿ ದಂಡೆ ಕುಸಿದು ಊರುಗಳೇ ನದಿ ಪಾಲಾಗಿವೆ. ಒಂದು ಕಾಲಕ್ಕೆ ಅಲಹಾಬಾದ್‌ವರೆಗೂ ಈಜಿ ಬರುತ್ತಿದ್ದ ಹಿಲ್ಸಾ ಮೀನಿಗೆ ಫರಕ್ಕಾ ದಾರಿ ಮುಚ್ಚಿತು. ಬಿಹಾರದ ಮೀನುಗಾರ ಮತ್ತು ಬಾಂಗ್ಲಾದ ಕುಷ್ಟಿಯಾದ ರೈತ ಒಂದೇ ಜಗಲಿಯಲ್ಲಿ ಕೂತರೆ ಇಬ್ಬರ ದೂರುಗಳೂ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಒಪ್ಪಂದದ ಕೊರತೆ ಎಲ್ಲಿದೆ? ನನ್ನ ಪ್ರಕಾರ ಮುಖ್ಯವಾದದ್ದು ಎರಡು.

ಒಂದು, ಪಟ್ಟಿ ಹಳೆಯದು. 1988ಕ್ಕೆ ನಿಂತ ಸರಾಸರಿ ಅದು. ಆಮೇಲೆ ಉತ್ತರ ಪ್ರದೇಶ, ಬಿಹಾರಗಳಲ್ಲಿ ನಾಲೆ, ಏತ ನೀರಾವರಿ, ಬೋರ್‌ವೆಲ್ ಎಲ್ಲ ಬೆಳೆದವು. ಬೇಸಿಗೆಯಲ್ಲಿ ನದಿಗೆ ಬರುವುದು ಬಹುಪಾಲು ನೆಲದೊಳಗಿಂದ ಒಸರುವ ನೀರು. ನೆಲದ ನೀರನ್ನೇ ಮೇಲೆತ್ತಿದರೆ ನದಿ ಸೊರಗುತ್ತದೆ. ಫರಕ್ಕಾಗೆ ಬರುವ ಹರಿವನ್ನು ಕಾಪಾಡಲು ಮೇಲಿನ ದೇಶ ಎಲ್ಲ ಪ್ರಯತ್ನ ಮಾಡುತ್ತದೆ ಅಂತ ಒಪ್ಪಂದದಲ್ಲಿ ಬರೆದಿದ್ದೇವೆ. ಹೇಗೆ ಅಂತ ಬರೆದಿಲ್ಲ. ಒಪ್ಪಂದದ ಮೊದಲ ಬೇಸಿಗೆಯೇ, 1997ರ ಮಾರ್ಚ್ ಕೊನೆಯಲ್ಲಿ, ಹಾರ್ಡಿಂಜ್ ಸೇತುವೆ ಹತ್ತಿರ ಹರಿವು 10 ಸಾವಿರ ಕ್ಯೂಸೆಕ್‌ಗಿಂತ ಕೆಳಗೆ ಇಳಿದಿತ್ತು. ಐದು ವರ್ಷಕ್ಕೊಮ್ಮೆ ಪರಿಶೀಲನೆ ಮಾಡಬೇಕು ಎಂಬ ಕಲಮು ಇದ್ದರೂ ಹಂಚಿಕೆಯ ಸೂತ್ರ ಒಮ್ಮೆಯೂ ಬದಲಾಗಲಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಯಾವುದಾದರೂ ಕಂತಿನಲ್ಲಿ ಹರಿವು 50,000 ಕ್ಯೂಸೆಕ್‌ಗಿಂತ ಕೆಳಗೆ ಹೋದರೆ ಏನು ಮಾಡಬೇಕು? ಎರಡೂ ಸರ್ಕಾರಗಳು ಕೂಡಲೇ ಮಾತಾಡಬೇಕು ಅಂತಷ್ಟೇ ಇದೆ. ಅಂಕಿ ಇಲ್ಲ. ಅಂದರೆ ಸಂಕಷ್ಟ ಸೂತ್ರ ಇಲ್ಲ. ಕಾವೇರಿಯಲ್ಲಿ 2007ರ ಅಂತಿಮ ತೀರ್ಪಿನ ನಂತರವೂ, 2018ರಲ್ಲಿ ಸುಪ್ರೀಂ ಕೋರ್ಟ್ ಬಿಳಿಗುಂಡ್ಲು ಲೆಕ್ಕವನ್ನು 177.25 ಟಿಎಂಸಿಗೆ ಇಳಿಸಿದ ನಂತರವೂ, ಮಳೆ ಕೈಕೊಟ್ಟ ವರ್ಷ ಜಗಳ ಬರುವುದು ಯಾಕೆ? ಒಳ್ಳೆ ವರ್ಷದ ಅಂಕಿ ಎಲ್ಲರ ಬಾಯಲ್ಲಿದೆ, ಕೆಟ್ಟ ವರ್ಷಕ್ಕೆ ಇಬ್ಬರೂ ಒಪ್ಪಿದ ಅಂಕಿ ಇಲ್ಲ. ಗಂಗೆಯದ್ದೂ ಇದೇ ಕಥೆ. ನದಿ ತುಂಬಿದಾಗ ಒಪ್ಪಂದ ಯಾರಿಗೂ ಬೇಡ, ಅದು ಬೇಕಾಗುವುದೇ ನದಿ ಬತ್ತಿದಾಗ.

ಇಷ್ಟೆಲ್ಲ ಕೊರತೆ ಇದ್ದರೂ ನಾನು ಈ ಒಪ್ಪಂದವನ್ನು ಮೆಚ್ಚುತ್ತೇನೆ, ಮುಖ್ಯವಾಗಿ ಒಂದೇ ಕಾರಣಕ್ಕೆ. ಅಳತೆ. ಪ್ರತಿ ವರ್ಷ ಜನವರಿ ಒಂದಕ್ಕೆ ಬಾಂಗ್ಲಾದ ಎಂಜಿನಿಯರುಗಳು ಫರಕ್ಕಾಗೆ ಬರುತ್ತಾರೆ, ನಮ್ಮವರು ಹಾರ್ಡಿಂಜ್ ಸೇತುವೆಗೆ ಹೋಗುತ್ತಾರೆ. ಮೇ ಕೊನೆಯವರೆಗೆ ಅಲ್ಲೇ ಇರುತ್ತಾರೆ. ಬ್ಯಾರೇಜ್ ಕೆಳಗೆ, ಫೀಡರ್ ನಾಲೆಯಲ್ಲಿ, ಹಡಗು ದಾಟಿಸುವ ಲಾಕ್‌ನಲ್ಲಿ, ಆ ಕಡೆ 1915ರ ಹಳೆ ರೈಲು ಸೇತುವೆಯ ಹತ್ತಿರ, ದಿನಾ ಹರಿವು ಅಳೆದು ಬರೆಯುತ್ತಾರೆ.

ಈ ಅಳತೆ ಹೇಗಿರುತ್ತದೆ ಅಂತ ಹೇಳಿದರೆ ಅದರ ಬೆಲೆ ಗೊತ್ತಾಗುತ್ತದೆ. ನದಿಯ ಅಗಲವನ್ನು ಭಾಗ ಭಾಗ ಮಾಡಿಕೊಳ್ಳುತ್ತಾರೆ. ದೋಣಿ ಒಂದೊಂದು ಕಡೆ ನಿಲ್ಲುತ್ತದೆ. ಮೊದಲು ಆಳ ನೋಡುತ್ತಾರೆ. ಆಮೇಲೆ ಭಾರ ಕಟ್ಟಿದ ತಂತಿಯಲ್ಲಿ ಕರೆಂಟ್ ಮೀಟರ್ ಎಂಬ ಸಣ್ಣ ಚಕ್ರದ ಸಾಧನವನ್ನು ಇಳಿಸುತ್ತಾರೆ. ನೀರಿನ ವೇಗಕ್ಕೆ ಚಕ್ರ ತಿರುಗುತ್ತದೆ. ಇಷ್ಟು ಸೆಕೆಂಡಿಗೆ ಎಷ್ಟು ಸುತ್ತು ಅಂತ ಎಣಿಸಿ ವೇಗ ತೆಗೆಯುತ್ತಾರೆ. ಆಳ, ಅಗಲ, ವೇಗ ಗುಣಿಸಿ, ಎಲ್ಲ ಭಾಗ ಕೂಡಿಸಿದರೆ ಆ ದಿನದ ಕ್ಯೂಸೆಕ್. ಗಾಳಿ ಜೋರಾಗಿದ್ದರೆ ದೋಣಿ ಅಲ್ಲಾಡುತ್ತದೆ, ಮರಳಿನ ದಿಬ್ಬ ಜಾಗ ಬದಲಿಸುತ್ತದೆ, ಅಂಕಿಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಆದರೆ ಎರಡೂ ದೇಶದವರು ಒಂದೇ ದೋಣಿಯಲ್ಲಿ ಕೂತು ಅದೇ ಚಕ್ರದ ಸುತ್ತು ಎಣಿಸಿರುವುದರಿಂದ ಆ ಅಂಕಿಯನ್ನು ಸುಳ್ಳು ಅನ್ನುವುದು ಕಷ್ಟ. ಹಂಚಿಕೆಯ ಜಗಳಗಳಲ್ಲಿ ನಾನು ಕಂಡಿದ್ದು ಇದು: ನೀರು ಎಷ್ಟಿದೆ ಎಂಬುದರ ಮೇಲೇ ಜಗಳ ಶುರುವಾದರೆ, ಯಾರಿಗೆಷ್ಟು ಎಂಬ ಮಾತಿಗೆ ಬರುವುದೇ ಇಲ್ಲ.

ಈಗ ಮುಂದೇನು ಎಂಬ ಪ್ರಶ್ನೆ. ಒಪ್ಪಂದ ತಾನಾಗೇ ಮುಂದುವರಿಯುವುದಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ನವೀಕರಣ. 2024ರ ಜೂನ್‌ನಲ್ಲಿ ಹಸೀನಾ ದೆಹಲಿಗೆ ಬಂದಾಗ ತಾಂತ್ರಿಕ ಮಾತುಕತೆ ಶುರು ಮಾಡುವುದಾಗಿ ಪ್ರಧಾನಿ ಮೋದಿ ಹೇಳಿದರು. ನಮ್ಮನ್ನು ಕೇಳದೆ ಹೇಗೆ ಅಂತ ಆಗಿನ ಬಂಗಾಳ ಮುಖ್ಯಮಂತ್ರಿ ಮಮತಾ ಪತ್ರ ಬರೆದರು. ಆಗಸ್ಟ್‌ನಲ್ಲಿ ಢಾಕಾದ ಸರ್ಕಾರವೇ ಉರುಳಿತು. ಎರಡು ದೇಶಗಳ ಸಂಬಂಧ ಹದಗೆಟ್ಟಿತು. ಆದರೂ 2025ರ ಮಾರ್ಚ್‌ನಲ್ಲಿ ಬಾಂಗ್ಲಾ ತಂಡ ಬಂದು ಫರಕ್ಕಾ ನೋಡಿತು, ಕೋಲ್ಕತ್ತಾದಲ್ಲಿ ಜಂಟಿ ಸಮಿತಿ ಸಭೆ ಸೇರಿತು. ರಾಜಕೀಯ ಕೆಟ್ಟ ಹೊತ್ತಿನಲ್ಲೂ ಎಂಜಿನಿಯರುಗಳ ಬಾಗಿಲು ತೆರೆದಿತ್ತು ಎಂಬುದು ಸಣ್ಣ ವಿಷಯ ಅಲ್ಲ.

ಮುಂದೆ ದಾರಿಗಳು ಮೂರು. ಸುಮ್ನೆ ಅವಧಿ ಮುಗಿಯಲು ಬಿಡುವುದು ಒಂದು. ಇದರ ಅಪಾಯ ನಾವು 1988ರಿಂದ 1996ರವರೆಗೆ ನೋಡಿದ್ದೇವೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಜೊತೆಗಿನ ಸಿಂಧೂ ಒಪ್ಪಂದವನ್ನು ಭಾರತ ಅಮಾನತಿನಲ್ಲಿಟ್ಟ ಮೇಲೆ, ಇಲ್ಲೂ ಹಾಗೇ ಮಾಡಿ ಎಂಬ ಕೂಗು ಕೇಳುತ್ತದೆ. ಎರಡೂ ಒಂದೇ ಅಲ್ಲ. ಬಾಂಗ್ಲಾ ಜೊತೆ ನಮಗೆ ಈಶಾನ್ಯ ರಾಜ್ಯಗಳ ದಾರಿ ಇದೆ, ವಿದ್ಯುತ್ ವ್ಯಾಪಾರ ಇದೆ, 54 ಹಂಚಿಕೆಯ ನದಿಗಳಿವೆ. 2015ರಲ್ಲಿ ಒಬ್ಬರ ನೆಲದೊಳಗಿದ್ದ ಇನ್ನೊಬ್ಬರ ಊರುಗಳನ್ನು, 111 ಮತ್ತು 51ರ ಲೆಕ್ಕದಲ್ಲಿ, ಶಾಂತವಾಗಿ ಅದಲುಬದಲು ಮಾಡಿಕೊಂಡಿದ್ದೇವೆ. 2019ರಲ್ಲಿ ತ್ರಿಪುರಾದ ಸಬ್ರೂಮ್ ಪಟ್ಟಣಕ್ಕೆ ಕುಡಿಯಲು ಫೆನಿ ನದಿಯಿಂದ 1.82 ಕ್ಯೂಸೆಕ್ ಎತ್ತಿಕೊಳ್ಳಲು ಬಾಂಗ್ಲಾ ಒಪ್ಪಿದೆ. ಅಲ್ಲಿ ಕೇಳುವವರು ನಾವು. ಇನ್ನೂ ಒಂದು ಮಾತು: 2025ರಲ್ಲಿ ಬಾಂಗ್ಲಾ ವಿಶ್ವಸಂಸ್ಥೆಯ ಜಲ ಒಡಂಬಡಿಕೆಗೆ ಸೇರಿತು. ದಕ್ಷಿಣ ಏಷ್ಯಾದಲ್ಲಿ ಇದೇ ಮೊದಲು. ನಾವು ಮಾತಾಡದಿದ್ದರೆ ಅವರು ಬೇರೆ ವೇದಿಕೆಗೆ ಹೋಗುತ್ತಾರೆ.

ಎರಡನೇ ದಾರಿ, ಇದೇ ಸೂತ್ರವನ್ನು ಒಂದೆರಡು ವರ್ಷ ಮುಂದೂಡುವುದು. ಸುಲಭ, ಯಾರಿಗೂ ಮುಖಭಂಗ ಆಗುವುದಿಲ್ಲ. ಅಪಾಯ ಏನೆಂದರೆ, ತಾತ್ಕಾಲಿಕ ಅಂತ ಮಾಡಿದ್ದೇ ಅಭ್ಯಾಸ ಆಗುತ್ತದೆ. 1982, 1985ರ ಪತ್ರಗಳು ಹಾಗೇ ಆಗಿ ಕೊನೆಗೆ ಏನೂ ಇಲ್ಲದ ಸ್ಥಿತಿಗೆ ತಂದವು.

ಮೂರನೇದು ಹೊಸ ಒಪ್ಪಂದ. ಹೊಸ ಅಂಕಿ, ಸಂಕಷ್ಟ ಕಾಲಕ್ಕೆ ಮೊದಲೇ ಬರೆದ ಪಟ್ಟಿ, ನದಿಗೇ ಬಿಡಬೇಕಾದ ಕನಿಷ್ಠ ಹರಿವು, 30ರ ಬದಲು 10–15 ವರ್ಷದ ಅವಧಿ. ಕೇಳಲು ಚೆನ್ನಾಗಿದೆ, ಮಾಡಲು ಕಷ್ಟ. ಹೊಸ ಅಂಕಿ ತೆಗೆದರೆ ಹಂಚಲು ಇರುವುದೇ ಕಡಿಮೆ ಅಂತ ಗೊತ್ತಾಗುತ್ತದೆ. ಬಾಂಗ್ಲಾ ಕನಿಷ್ಠ ಖಾತರಿ ಕೇಳುತ್ತದೆ. ಬಂಗಾಳ ಬಂದರಿಗೂ ಕುಡಿಯಲೂ ಜಾಸ್ತಿ ಕೇಳುತ್ತದೆ. ಬಿಹಾರ ಈ ಸಲ ಮೇಜಿನ ಮುಂದೆ ಕುರ್ಚಿ ಕೇಳುತ್ತದೆ, ಕೇಳುವುದು ನ್ಯಾಯವೂ ಹೌದು. ನೇಪಾಳದಲ್ಲಿ ನೀರು ಸಂಗ್ರಹಿಸಿ ಬೇಸಿಗೆಗೆ ಬಿಡೋಣ ಎಂಬ ಮಾತು ಮತ್ತೆ ಬರುತ್ತದೆ. ಕೋಸಿ, ಗಂಡಕ್, ಘಾಘ್ರಾಗಳೇ ಬೇಸಿಗೆಯ ಗಂಗೆಗೆ ದೊಡ್ಡ ಆಸರೆ ಎಂಬುದು ನಿಜ. ಆದರೆ 1996ರಲ್ಲೇ ನೇಪಾಳದ ಜೊತೆ ಒಪ್ಪಿದ ಪಂಚೇಶ್ವರ ಅಣೆಕಟ್ಟು ಇವತ್ತಿಗೂ ಎದ್ದಿಲ್ಲ. ಅದನ್ನು ನಂಬಿ ಕೂರಬಾರದು.

ನನ್ನ ಸಲಹೆ ಎರಡು ಮತ್ತು ಮೂರನ್ನು ಜೋಡಿಸಿ. ಒಂದು ಬಾರಿ ಮಾತ್ರ, ದಿನಾಂಕ ಬರೆದು, ಎರಡು ವರ್ಷಕ್ಕೆ ಮುಂದೂಡಲಿ. ಅಷ್ಟರಲ್ಲಿ ಹೊಸದನ್ನು ಬರೆಯಲಿ. ಹಂಚಿಕೆಯಲ್ಲಿ ಒಮ್ಮತ ಬಾರದೆ ಹೋದರೂ ಜಂಟಿ ಅಳತೆಯನ್ನು ಒಪ್ಪಂದದಿಂದ ಬೇರ್ಪಡಿಸಿ, ಅವಧಿಯೇ ಇಲ್ಲದ ಹಾಗೆ ಮುಂದುವರಿಸಲಿ. ಅದಕ್ಕೆ ಹೆಚ್ಚು ಖರ್ಚಿಲ್ಲ, ಯಾವ ರಾಜ್ಯದ ಒಂದು ಹನಿಯೂ ಕಡಿಮೆ ಆಗುವುದಿಲ್ಲ.

ಒಪ್ಪಂದದ ಸುದ್ದಿ ಬಂದ ದಿನ ಟಿ.ವಿ.ಯಲ್ಲಿ ಯಾರು ಗೆದ್ದರು, ಯಾರು ಸೋತರು ಅಂತ ಚರ್ಚೆ ನಡೆಯುತ್ತದೆ. ನೀವು ಮೂರು ವಿಷಯ ಹುಡುಕಿ. 50,000 ಕ್ಯೂಸೆಕ್ ಕೆಳಗೆ ಇಳಿದರೆ ಯಾರಿಗೆಷ್ಟು ಅಂತ ಅಂಕಿ ಬರೆದಿದ್ದಾರಾ? ಬಂಗಾಳ, ಬಿಹಾರಗಳ ಒಪ್ಪಿಗೆ ಇದೆಯಾ? 2027ರ ಜನವರಿ 1ಕ್ಕೆ ನಮ್ಮ ಎಂಜಿನಿಯರುಗಳು ಹಾರ್ಡಿಂಜ್ ಸೇತುವೆಗೆ, ಅವರ ಎಂಜಿನಿಯರುಗಳು ಫರಕ್ಕಾಗೆ ಹೋಗುತ್ತಾರಾ? ಮೂರನೆಯದಕ್ಕೆ ಇಲ್ಲ ಅಂತ ಉತ್ತರ ಬಂದರೆ ಮಾತ್ರ ನಾನು ನಿಜವಾಗಿ ಚಿಂತೆ ಮಾಡುತ್ತೇನೆ.